ಮೂರು ದಿನದ ರಾಷ್ಟ್ರಪತಿ

ಬೆಳಿಗ್ಗೆ ಅವರೆಕಾಯಿ ಸುಲಿಯಲು ಹಳೆಯ ಪತ್ರಿಕೆ ಹಾಸಿಕೊಂಡು ಕೂತೆ. ಸಿಪ್ಪೆಯ ನಡುವೆ ಒಂದು ಸಾಲು ಕಾಣಿಸಿತು: ಮಸೂದೆಯೊಂದನ್ನು ರಾಷ್ಟ್ರಪತಿಗಳು ಹಿಂದಕ್ಕೆ ಕಳಿಸಿದ್ದರು. ನಗಬೇಡಿ, ಮೂರು ದಿನ ನಾನೂ ಆ ಹುದ್ದೆಯಲ್ಲಿದ್ದವಳು.

ಅರವತ್ತರ ದಶಕದ ಕೊನೆ. ತೂಬಗೆರೆ ಕಡೆಯ ಒಂದು ಹೈಸ್ಕೂಲು. ಸಂವಿಧಾನದ ಪಾಠ ಯಾರ ತಲೆಗೂ ಹತ್ತದಿದ್ದಾಗ ಸಮಾಜದ ಮೇಷ್ಟ್ರು ಒಂಬತ್ತನೇ ತರಗತಿಯನ್ನೇ ಸಂಸತ್ತು ಮಾಡಿದರು. ಹುಡುಗರು ಇಪ್ಪತ್ತೆಂಟು, ಹುಡುಗಿಯರು ನಾಲ್ಕು. ಹೆಚ್ಚು ಮಾತಾಡದವಳು ಅಂತ ನನ್ನನ್ನು ರಾಷ್ಟ್ರಪತಿ ಮಾಡಿದರು. ನನ್ನಷ್ಟೇ ಬಾಯಿಲ್ಲದ ನಾರಾಯಣಪ್ಪ ಉಪರಾಷ್ಟ್ರಪತಿ.

ಸಂಸತ್ತಿನ ಮೊದಲ ಮಸೂದೆಯೇ ಹೀಗಿತ್ತು: ತರಗತಿ ಗುಡಿಸುವುದು ಹುಡುಗಿಯರ ಕೆಲಸ. ಕೈ ಎತ್ತಿಸಿ ಪಾಸು ಮಾಡಿ ನನ್ನ ಮುಂದಿಟ್ಟರು. ಅದುವರೆಗೂ ನಾವೇ ಗುಡಿಸುತ್ತಿದ್ದೆವು, ನಿಜ. ಆದರೆ ಅದಕ್ಕೆ ನನ್ನ ಕೈಯಿಂದಲೇ ಸಹಿ ಬೇಕೆಂದಾಗ ಪೆನ್ನು ಕೆಳಗಿಟ್ಟೆ.

“ಸಹಿ ಹಾಕ್ಲೇಬೇಕಾ ಸಾರ್?”

“ಒಪ್ಪಿಗೆ ಇಲ್ಲ ಅನ್ನಬಹುದು. ಇಲ್ಲಾ, ಇನ್ನೊಂದ್ಸಲ ಯೋಚ್ನೆ ಮಾಡಿ ಅಂತ ವಾಪಸ್ ಕಳಿಸ್ಬಹುದು ಕಣಮ್ಮ. ಹಣಕಾಸಿನ ಮಸೂದೆ ಆಗಿದ್ರೆ ಹಂಗೆ ಕಳಿಸೋಕಾಗ್ತಿರ್ಲಿಲ್ಲ.”

ವಾಪಸ್ ಕಳಿಸಿದೆ. ಜೊತೆಗೊಂದು ಸಂದೇಶ ಬರೆದೆ: ಧೂಳು ತರುವ ಕಾಲು ಅರವತ್ತನಾಲ್ಕು, ಅದರಲ್ಲಿ ನಮ್ಮವು ಎಂಟು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಹುಡುಗರು ನಕ್ಕರು, ಮಾರನೆಯ ದಿನ ಅದೇ ಮಸೂದೆಯನ್ನು ಒಂದಕ್ಷರ ಬದಲಿಸದೆ ಮತ್ತೆ ಪಾಸು ಮಾಡಿದರು.

“ಈಗ ಬೇಡ ಅನ್ನೋ ಹಾಗಿಲ್ಲ. ಎರಡನೇ ಸಲ ಬಂದ್ರೆ ಒಪ್ಪಿಗೆ ಕೊಡ್ಲೇಬೇಕು,” ಅಂದರು ಮೇಷ್ಟ್ರು. ಅವರ ಮುಖವೂ ಸಪ್ಪಗಿತ್ತು.

ನಾನು ಮನೆಗೆ ಹೋಗಿ ಪುಸ್ತಕವೆಲ್ಲ ತಿರುವಿ ಹಾಕಿದೆ. ಮೂರನೆಯ ದಿನ ಉಪರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದು ಕೊಟ್ಟೆ. ಕ್ರಮ ಹಾಗೆಯೇ ಇರುವುದು. ನನ್ನ ಜಾಗಕ್ಕೆ ಬಂದ ನಾರಾಯಣಪ್ಪ ತಲೆ ತಗ್ಗಿಸಿಕೊಂಡು ಸಹಿ ಹಾಕಿಬಿಟ್ಟ. ಎಂಥ ಹೇಡಿ ಅಂದುಕೊಂಡೆ.

ಮರುದಿನ ನಾವು ನಾಲ್ವರು ಹೋಗುವಷ್ಟರಲ್ಲಿ ಅವನೇ ಗುಡಿಸುತ್ತಿದ್ದ. ಬಾಗಿಲಲ್ಲಿ ನಿಂತ ಹುಡುಗರು, “ಲೇ, ಕಾನೂನು ಮುರೀತಿದೀಯ ಕಣೋ,” ಎಂದು ರೇಗಿಸಿದರು.

“ಹುಡುಗಿಯರು ಗುಡಿಸ್ಬೇಕು ಅಂತ ಐತೆ. ನಾನು ಗುಡಿಸ್ಬಾರ್ದು ಅಂತ ಎಲ್ಲೈತೆ ತೋರ್ಸು,” ಅಂದ ಅವನು, ಬಗ್ಗಿದ ಬೆನ್ನು ಎತ್ತದೆ. ಆ ವಾರದಲ್ಲೇ ಇನ್ನಿಬ್ಬರು ಅವನ ಜೊತೆಗೂಡಿದರು. ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು ಎಲ್ಲರ ಹೆಸರೂ ಇರುವ ಸರದಿಪಟ್ಟಿ ಗೋಡೆಗೆ ಅಂಟಿಸಿದರು. ಸಂಸತ್ತು ಮತ್ತೆ ಸೇರಲಿಲ್ಲ.

ನನ್ನ ರಾಜೀನಾಮೆಯ ಕಥೆಯನ್ನು ಮಕ್ಕಳಿಗೆ, ಸೊಸೆಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ನಾರಾಯಣಪ್ಪನನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ಇವತ್ತು ಕಾಯಿ ಸುಲಿಯುವುದು ಅರ್ಧಕ್ಕೇ ಬಿಟ್ಟು ಫೋನ್ ಮಾಡಿದೆ. ಅವನು ಊರಲ್ಲೇ ಹೊಲ ನೋಡಿಕೊಂಡಿದ್ದಾನೆ.

“ಅವತ್ತು ಯಾಕಪ್ಪಾ ಸಹಿ ಹಾಕ್ದೆ?”

“ನೀನು ಬಿಟ್ಟು ಹೋದ್ಮೇಲೆ ಇನ್ಯಾರಿದ್ರು ಹೇಳು. ಹಾಕ್ಲೇಬೇಕಿತ್ತು. ಹಾಕಿದ ಮೇಲೆ ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ. ಅದಕ್ಕೇ ಮಾರ್ನೇ ದಿನ ನಿಮಗಿಂತ ಬೇಗ ಬಂದ್ಬಿಟ್ಟೆ.”