ಜೀರಿಗೆ ಕೂಗದ ಮಧ್ಯಾಹ್ನ

ಕಪಾಟಿನ ಮೇಲಿಟ್ಟಿರುವ ತಗಡಿನ ಡಬ್ಬಿಯನ್ನು ತೆರೆದರೆ ಇವತ್ತಿಗೂ ಮೊದಲು ಮೂಗಿಗೆ ಬಡಿಯುವುದು ಬಜೆಯ ವಾಸನೆ. ಒಣಬೇರಿನ, ತುಸು ಕಹಿಯಾದ, ತುಸು ಕರ್ಪೂರದಂಥ ಆ ವಾಸನೆ ಹಸುಗೂಸು ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುತ್ತದೆ. ಡಬ್ಬಿಯಲ್ಲಿರುವುದು ಮೂರೇ ಸಾಮಾನು: ಬಜೆಯ ಒಂದು ತುಂಡು, ಅದನ್ನು ತೇಯುವ ಅಂಗೈಯಗಲದ ಕಲ್ಲು, ಕೂಸುಗಳಿಗೆ ಔಷಧ ಕುಡಿಸುವ ಬೆಳ್ಳಿಯ ಒಂದು ಪುಟ್ಟ ಒಳಲೆ. ಮೂರೂ ನನ್ನ ಅಜ್ಜಿಯವು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಎಣ್ಣೆ ಹಚ್ಚಿ ನೀರು ಹಾಕಲು ಅವಳೇ ಬರಬೇಕಿತ್ತು. ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಂಡಳೆಂದರೆ ಎಂಥ ಹಟದ ಕೂಸೂ ಸುಮ್ಮನಾಗುತ್ತಿತ್ತು. ಅವಳ ಸೀರೆಗೆ, ಕೈಗೆ, ನಾವಿದ್ದ ಆ ಎರಡು ಕೋಣೆಯ ಮನೆಗೆ ಕೂಡ ಬಜೆಯ ವಾಸನೆ ಅಂಟಿಕೊಂಡಿತ್ತು. ಅಪ್ಪ ಶಿಫ್ಟಿನಿಂದ ಬಂದು ಬೆವರಿದ ಅಂಗಿ ಬಿಚ್ಚಿದಾಗ ಬರುತ್ತಿದ್ದ ಕಬ್ಬಿಣದ ವಾಸನೆಯೂ ಅದರೊಳಗೆ ಬೆರೆತು ಹೋಗುತ್ತಿತ್ತು.

ಅಮ್ಮ ಶಿವಮೊಗ್ಗದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ಪ್ರಾಣಿಗಳನ್ನು ಸಾಕುವುದನ್ನು ನಿಲ್ಲಿಸಿದರು. ಪಂಜರದಲ್ಲಿ ಕೊನೆಗೆ ಉಳಿದಿದ್ದ ಒಂದು ಗಿನಿಪಿಗ್ಗನ್ನು ಅಮ್ಮ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಂಜೆಯ ಬಸ್ಸಿನಲ್ಲಿ ಮನೆಗೆ ತಂದಳು. ಹುರಿದ ಜೀರಿಗೆಯ ಬಣ್ಣ, ಬಾಲವಿಲ್ಲ, ಒಂದು ಕಿವಿ ಮಾತ್ರ ಕಪ್ಪು. ಅಜ್ಜಿ ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು. "ನಾನಿಲ್ಲಿ ಇಲಿಗೆ ಬೋನು ಇಡ್ತೀನಿ, ನೀನು ಇಲೀನ ಬಸ್ಸಲ್ಲಿ ಕೂರಿಸ್ಕೊಂಡು ಬರ್ತೀಯಲ್ಲೇ ಮಾರಾಯ್ತಿ" ಅಂದಳು. ಅದಕ್ಕೆ ಜೀರಿಗೆ ಅಂತ ಹೆಸರಿಟ್ಟವಳೂ ಅವಳೇ. ವಾರದೊಳಗೆ ಜೀರಿಗೆಗೆ ನಮ್ಮ ಮನೆಯ ಶಬ್ದಗಳೆಲ್ಲ ಅಭ್ಯಾಸವಾದವು. ಕಾರ್ಖಾನೆಯ ಸೈರನ್ನಿಗೆ ಹೆದರುವುದನ್ನು ಬಿಟ್ಟಿತು. ನಾನು ಶಾಲೆಯಿಂದ ಬಂದು ಗೇಟಿನ ಚಿಲಕ ತೆಗೆದ ಕೂಡಲೇ ಒಳಗಿನಿಂದ ಸೀಟಿ ಹೊಡೆದಂತೆ 'ಕುವ್ವೀ, ಕುವ್ವೀ' ಎಂದು ಕೂಗುತ್ತಿತ್ತು. ಆ ಕೂಗು ನನಗಲ್ಲ, ನನ್ನ ಕೈಯಲ್ಲಿನ ಗರಿಕೆ ಹುಲ್ಲಿಗೆ ಎಂದು ಅಪ್ಪ ಛೇಡಿಸುತ್ತಿದ್ದ. ಯಾರಿಗಾದರೇನು, ನಾನು ಬಂದದ್ದು ಗೊತ್ತಾಗಿ ಒಂದು ಜೀವ ಕೂಗುತ್ತಿತ್ತು.

ಎರಡನೇ ಚಳಿಗಾಲದಲ್ಲಿ ಅದು ತಿನ್ನುವುದನ್ನು ನಿಲ್ಲಿಸಿತು. ರೋಮ ಕೆದರಿಕೊಂಡು ಮೂಲೆಯಲ್ಲಿ ಉಂಡೆಯಾಗಿ ಕೂರುತ್ತಿತ್ತು. ಉಸಿರಾಡುವಾಗ ಎದೆಯೊಳಗೆ ಕಟಕಟ ಸದ್ದು ಬರುತ್ತಿತ್ತು. ಅಮ್ಮ, ನಾನು ಅದನ್ನು ಶಿವಮೊಗ್ಗದ ಪಶುವೈದ್ಯರ ಹತ್ತಿರ ಒಯ್ದೆವು. ಎಮ್ಮೆ ಕರುಗಳ ನಡುವೆ ನಿಂತಿದ್ದ ಆ ಡಾಕ್ಟರು ಪೆಟ್ಟಿಗೆ ತೆರೆದು ನೋಡಿ ನಕ್ಕರು. ಇದನ್ನು ಪರೀಕ್ಷೆಗೆಂದು ಓದಿದ್ದೆ, ಕೈಯಲ್ಲಿ ಹಿಡಿಯುತ್ತಿರುವುದು ಇದೇ ಮೊದಲು ಎಂದು ಪ್ರಾಮಾಣಿಕವಾಗಿ ಹೇಳಿದರು. ಎದೆಗೆ ಶೀತ ಇಳಿದಿದೆ, ಒಂದು ದಿನ ಹೊಟ್ಟೆ ಖಾಲಿ ಬಿಟ್ಟರೂ ಈ ಜಾತಿ ಉಳಿಯುವುದು ಕಷ್ಟ ಅಂದರು. ಮಾತ್ರೆಯನ್ನು ಪುಡಿ ಮಾಡಿ ಕೊಡಬೇಕು, ನೆಲ್ಲಿಕಾಯಿ ರಸ ಹಾಕಬೇಕು, ಎರಡು ಗಂಟೆಗೊಮ್ಮೆ ಏನಾದರೂ ಒಳಗೆ ಹೋಗಬೇಕು. ನಾವು ಹೊರಟಾಗ ಹಿಂದಿನಿಂದ ಕರೆದು ಇನ್ನೊಂದು ಮಾತು ಸೇರಿಸಿದರು. "ಮುಖ್ಯವಾಗಿ ಬೆಚ್ಚಗಿಡಿ."

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಜ್ಜಿ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಎರಡು ಗಂಟೆಗೊಂದ್ಸಲ ಅಂದ್ರೆ ಹಸಿಕೂಸಿನ ಕೆಲ್ಸ. ನಿಮ್ಮ ಕೈಲಾಗಲ್ಲ, ಇಲ್ಲಿ ಕೊಡಿ" ಅಂದಳು. ಚಿಕ್ಕ ಕೋಣೆಯಲ್ಲಿ ಗೋಡೆಗೊರಗಿ, ಕಾಲು ನೀಡಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಜೀರಿಗೆಯನ್ನು ಕಾಲುಗಳ ನಡುವೆ ಮಲಗಿಸಿಕೊಂಡಳು. ಗರಿಕೆಯನ್ನು ಅರೆದು, ತೆಳು ಗಂಜಿಗೆ ಕಲಸಿ, ನೆಲ್ಲಿಕಾಯಿ ಹಿಂಡಿ ಒಳಲೆಯಲ್ಲಿ ತುಂಬಿ ಬಾಯಿಯ ಓರೆಗೆ ಹನಿಹನಿಯಾಗಿ ಬಿಟ್ಟಳು. ಮೊದಲ ದಿನ ಅರ್ಧ ಚೆಲ್ಲಿತು. ಎರಡನೇ ದಿನ ಅದು ಒಳಲೆಯ ಮೂತಿಯನ್ನೇ ಕಚ್ಚಿ ಹಿಡಿಯಿತು. ಕಚ್ಚುವಷ್ಟು ಶಕ್ತಿ ಬಂತು ಎಂದು ಅಜ್ಜಿ ಖುಷಿಪಟ್ಟಳು. ನಮ್ಮಿಂದ ಒಂದು ಮನೆಯಾಚೆಗಿದ್ದ ಸೆಲ್ವಿಯಕ್ಕ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಇಪ್ಪತ್ತು ದಿನದ ಮಗುವಿಗೆ ಅಜ್ಜಿಯೇ ನೀರು ಹಾಕುತ್ತಿದ್ದಳು. ತಮಿಳು ಮನೆಮಾತಿನ ಅವರೆಲ್ಲ ಅಜ್ಜಿಯನ್ನು ಪಾಟಿ ಎಂದೇ ಕರೆಯುತ್ತಿದ್ದರು.

"ಏನ್ ಪಾಟಿ, ನನ್ ಮೊಮ್ಮಗನ ಒಳಲೇಲೇ ಇಲಿಗೂ ಹಾಕ್ತಿದೀರಾ?"

"ನಿನ್ ಮೊಮ್ಮಗಂದು ಬೇರೆ ಇದೆ, ಬಾಯ್ಮುಚ್ಚು. ಇದು ನನ್ ಮಗನಿಗೆ ಹಾಕಿದ್ದು. ಅವನಿಗಿಂತ ಇದೇ ಚೆನ್ನಾಗಿ ನುಂಗುತ್ತೆ."

ಸೆಲ್ವಿಯಕ್ಕನ ಬಾಯಿ ಮುಚ್ಚಿಸಲು ಅಜ್ಜಿಯ ಹತ್ತಿರ ಇನ್ನೊಂದು ಅಸ್ತ್ರವೂ ಇತ್ತು. ಅವರ ಬಾಣಂತಿ ಕೋಣೆಯ ಕಿಟಕಿಯ ಗಾಜು ಕ್ರಿಕೆಟ್ ಚೆಂಡು ಬಿದ್ದು ಒಡೆದಿತ್ತು. ಬಾಣಂತಿಗೆ ಗಾಳಿ ತಾಗಬಾರದು ಎಂದು ಅಜ್ಜಿ ಅಲ್ಲಿಗೆ ಗೋಣಿಚೀಲ ಕಟ್ಟಿಸಿದ್ದಳು. ಗಾಜು ಹಾಕಿಸಲಿಲ್ಲವೆಂದು ದಿನವೂ ಬೈಯುತ್ತಿದ್ದಳು.

ನಾಲ್ಕನೇ ದಿನ ಜೀರಿಗೆ ಒಂದು ಗರಿಕೆಯನ್ನು ತಾನೇ ಎಳೆದು ತಿಂದಿತು. ಇನ್ನು ಚಳಿಯೊಂದನ್ನು ತಡೆದರೆ ಇದು ಗೆದ್ದ ಹಾಗೆ ಎಂದು ಅಜ್ಜಿ ಹೇಳಿದಳು. ಮಾರನೆಯ ದಿನ ಶನಿವಾರ. ನಾನು ಶಾಲೆಗೆ ಹೊರಡುವಾಗ ಅವಳು ಬಚ್ಚಲ ಒಲೆಯ ಕೆಂಡವನ್ನು ಎರಡು ಹಳೆಯ ಬಾಂಡ್ಲಿಗಳಿಗೆ ತುಂಬಿ, ಮೇಲೆ ಇದ್ದಿಲು ಹಾಕಿ ಹಿತ್ತಲಲ್ಲಿಟ್ಟಿದ್ದಳು. ಹೊಗೆ ಪೂರ್ತಿ ಹೋಗಿ ಕೆಂಪಗಾಗುವವರೆಗೆ ಒಳಗೆ ತರಬಾರದು, ಹೊಗೆ ಕೂಸಿನ ಎದೆಗೆ ಕೆಟ್ಟದ್ದು ಎಂದು ನನಗೂ ಕಲಿಸಿದ್ದಳು. ಒಂದು ಬಾಂಡ್ಲಿ ಸೆಲ್ವಿಯಕ್ಕನ ಮನೆಗೆ, ಒಂದು ನಮ್ಮ ಚಿಕ್ಕ ಕೋಣೆಗೆ. ಎಷ್ಟು ವರ್ಷಗಳಿಂದ, ಎಷ್ಟು ಮನೆಗಳಲ್ಲಿ ಮಾಡಿದ್ದಳೋ, ಹಾಗೆಯೇ ಮಾಡಿದಳು.

ಒಂದು ಗಂಟೆಗೆ ಬಂದು ಗೇಟಿನ ಚಿಲಕ ತೆಗೆದೆ. ಕೂಗಿಲ್ಲ. ಕಾಯಿಲೆಯ ಆ ದಿನಗಳಲ್ಲೂ ಜೀರಿಗೆ ತೆಳ್ಳಗಿನ ಒಂದು ಸದ್ದಾದರೂ ಮಾಡುತ್ತಿತ್ತು. ಅಡುಗೆಮನೆಗೆ ಹೋಗಬೇಕಿದ್ದವಳು ಚೀಲ ಬಿಸುಟು ಸೀದಾ ಕೋಣೆಗೆ ಹೋದೆ. ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದ್ದರಿಂದ ಬಲವಾಗಿ ತಳ್ಳಬೇಕಾಯಿತು. ಒಳಗೆ ಹಿತವಾದ ಬಿಸಿ. ಬಜೆಯ ವಾಸನೆ ಬಿಟ್ಟರೆ ಬೇರೆ ಏನೂ ಇಲ್ಲ, ಒಂದೆಳೆ ಹೊಗೆಯೂ ಇಲ್ಲ. ಅಜ್ಜಿ ಕಾಲು ನೀಡಿ ಗೋಡೆಗೆ ಒರಗಿದ್ದಳು, ಕತ್ತು ಒಂದು ಕಡೆಗೆ ವಾಲಿತ್ತು, ಕೆನ್ನೆಗಳು ಬಿಸಿನೀರಲ್ಲಿ ಮಿಂದವರಂತೆ ಕೆಂಪಗಿದ್ದವು. ಕಾಲುಗಳ ನಡುವೆ ಸೀರೆಯ ತುಂಡಿನಲ್ಲಿ ಜೀರಿಗೆ. ಇಬ್ಬರೂ ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡೆ. ಪಾಪ, ಮಲಗಲಿ ಎಂದು ಬಾಗಿಲನ್ನು ಸದ್ದಾಗದಂತೆ ಮತ್ತೆ ಎಳೆದುಕೊಳ್ಳತೊಡಗಿದೆ.

ನನ್ನ ಮನಸ್ಸು ಇಷ್ಟು ವರ್ಷಗಳಿಂದ ಮತ್ತೆಮತ್ತೆ ಹೋಗಿ ನಿಲ್ಲುವುದು ಅಲ್ಲಿ. ಬಾಗಿಲು ಮುಕ್ಕಾಲು ಮುಚ್ಚಿತ್ತು. ಉಳಿದ ಸಂದಿಯಲ್ಲಿ ಒಳಲೆ ಕಂಡಿತು. ಅದು ಅವಳ ಕೈಯಲ್ಲೇ ವಾಲಿ, ಗಂಜಿ ಸೀರೆಯ ಮೇಲೆಲ್ಲ ಚೆಲ್ಲಿ ಒಣಗಿತ್ತು. ಅಜ್ಜಿ ಒಳಲೆಯನ್ನು ತೊಳೆದಿಡದೆ ಎಂದೂ ಕಣ್ಣು ಮುಚ್ಚಿದವಳಲ್ಲ.

ಕಿಟಕಿ ತೆಗೆದದ್ದು, ಕೂಗಿದ್ದು, ತಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸೆಲ್ವಿಯಕ್ಕ ಒದ್ದೆ ಕೈಯಲ್ಲೇ ಓಡಿ ಬಂದದ್ದು ಅರೆಬರೆ ನೆನಪು. ಇಬ್ಬರೂ ಸೇರಿ ಅಜ್ಜಿಯನ್ನು ಅಂಗಳಕ್ಕೆ ಎಳೆದು ತಂದೆವು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು, ವಾಂತಿ ಮಾಡಿದಳು, ತಲೆ ಸಿಡಿಯುತ್ತಿದೆ ಅಂದಳು. ಆಮೇಲೆ ತೆರೆದ ಬಾಗಿಲಾಚೆ ಕೆಂಪಗೆ ಮಿನುಗುತ್ತಿದ್ದ ಬಾಂಡ್ಲಿಯನ್ನು ನೋಡಿದಳು. ನೋಡುತ್ತ ಅವಳ ಮುಖ ಬದಲಾಯಿತು. ಕೆಂಡವಿಟ್ಟ ಕೋಣೆಗಳಲ್ಲಿ ತಲೆನೋವು ಎಂದಿದ್ದ ಬಾಣಂತಿಯರೆಲ್ಲ ಆ ಹೊತ್ತಿಗೆ ಅವಳಿಗೆ ನೆನಪಾದರೆಂದು ಕಾಣುತ್ತದೆ. ಸೆಲ್ವಿಯಕ್ಕನ ಕೈ ಹಿಡಿದು, "ಮಗೀನ ಕೋಣೆ ಬಾಗ್ಲು ತೆಗಿ, ಹೋಗೇ" ಅಂದಳು.

ನಡುವೆ ಇದ್ದದ್ದು ಒಂದೇ ಮನೆ. ಸೆಲ್ವಿಯಕ್ಕನ ಹಿಂದೆ ನಾನೂ ಓಡಿದೆ. ಆ ನಾಲ್ಕು ಹೆಜ್ಜೆಗಳನ್ನು ನಾನು ಈಗಲೂ ಓಡುತ್ತಿರುತ್ತೇನೆ, ಕೆಲವೊಮ್ಮೆ ಕನಸಿನಲ್ಲಿ, ಕೆಲವೊಮ್ಮೆ ಬಸ್ಸಿನಲ್ಲಿ ಸುಮ್ಮನೆ ಕೂತಿರುವಾಗ. ಬಾಗಿಲು ತಳ್ಳಿದಾಗ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಗೋಣಿಚೀಲ ಕೆಳಗೆ ಬಿದ್ದಿತ್ತು. ಒಡೆದ ಗಾಜಿನಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು, ಮಗು ಕೈ ಮುಷ್ಟಿ ಮಾಡಿಕೊಂಡು ಮಲಗಿತ್ತು. ತಲೆ ಬಾಚಿಕೊಳ್ಳುತ್ತಿದ್ದ ಸೆಲ್ವಿಯಕ್ಕನ ಮಗಳು ನಮ್ಮನ್ನು ಕಂಡು ಸಿಕ್ಕಿಬಿದ್ದವಳಂತೆ ಬೆಚ್ಚಿದಳು.

"ಪಾಟಿಗೆ ಹೇಳ್ಬೇಡಮ್ಮ. ಬೆಳಕೇ ಇರ್ಲಿಲ್ಲ ಅಂತ ಗೋಣಿ ನಾನೇ ತೆಗ್ದೆ."

ಸೆಲ್ವಿಯಕ್ಕ ಕೆಂಡದ ಬಾಂಡ್ಲಿಯನ್ನು ಸೆರಗಿನಲ್ಲಿ ಹಿಡಿದು ಅಂಗಳಕ್ಕೆ ಒಯ್ದಿಟ್ಟಳು.

ಅಜ್ಜಿಯನ್ನು ಆಸ್ಪತ್ರೆಗೆ ಒಯ್ದ ಮೇಲೆ ನಾನು ಜೀರಿಗೆಯನ್ನು ಎತ್ತಿಕೊಂಡೆ. ಮೈ ಬೆಚ್ಚಗೇ ಇತ್ತು. ಅದು ಕೆಂಡದ ಬಿಸಿ ಎಂದು ತಿಳಿಯದೆ ತುಂಬ ಹೊತ್ತು ಎದೆಗವಚಿಕೊಂಡು ಕೂತಿದ್ದೆ. ಅಪ್ಪ ಶಿಫ್ಟು ಮುಗಿಸಿ ಬಂದು ಮೆತ್ತಗೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡ. ಅದೇ ಸೀರೆಯ ತುಂಡಿನಲ್ಲಿ ಸುತ್ತಿ ಹಿತ್ತಲಲ್ಲಿ ಮಣ್ಣು ಮಾಡಿದ.

ಮೂರನೆಯ ದಿನ ಮನೆಗೆ ಬಂದ ಅಜ್ಜಿ ಜೀರಿಗೆಯ ಬಗ್ಗೆ ಕೇಳಲಿಲ್ಲ. ಒಮ್ಮೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ತಲೆ ನೋವು ಅಂತ ಅಳ್ತಿದ್ರು ಹುಡುಗೀರು. ಶೀತ ಅಂದ್ಕೊಂಡು ಇನ್ನೂ ಬಿಗಿಯಾಗಿ ಬಾಗ್ಲು ಹಾಕ್ಸಿದೀನಿ ನಾನು" ಅಂದಳು. ಅವಳ ಕೈಯಲ್ಲಿ ಯಾವ ಮಗುವಿಗೂ ಏನೂ ಆಗಿರಲಿಲ್ಲ ಎಂದು ಅಮ್ಮ ಹೇಳಿದಳು. ಅಜ್ಜಿ ಅಕ್ಕಿಯಿಂದ ಒಂದು ಕಲ್ಲನ್ನು ಹೆಕ್ಕಿ ಹೊರಗೆಸೆದಳು. ಆಮೇಲೂ ಮಕ್ಕಳಿಗೆ ನೀರು ಹಾಕಲು ಹೋದಳು. ಆದರೆ ಯಾವ ಕೋಣೆಗೂ ಕೆಂಡ ಇಡಲಿಲ್ಲ. ಹೋದ ಕೂಡಲೇ ಮೊದಲು ಕಿಟಕಿ ತೆರೆಯುತ್ತಿದ್ದಳು. ಮುದುಕಿಗೆ ಅರಳುಮರಳು ಎಂದು ಕೆಲವರು ಬೇರೆಯವರನ್ನು ಕರೆಸಿಕೊಂಡರು. ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದುವಾಗ ಕೆಂಡದಿಂದ ಹೊಮ್ಮುವ ಆ ವಿಷಾನಿಲ, ಕಾರ್ಬನ್ ಮೊನಾಕ್ಸೈಡಿನ ಗುಣಗಳು ಪಾಠದಲ್ಲಿ ಬಂದವು. ಬಣ್ಣವಿಲ್ಲ, ವಾಸನೆಯಿಲ್ಲ ಎಂದಿತ್ತು. ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ಗಾಳಿಗೆ ನಿಂತೆ. ನನ್ನ ಬಾಲ್ಯದಲ್ಲಿ ವಾಸನೆಯಿಲ್ಲದ್ದು ಅದೊಂದೇ.

ಮದುವೆಯಾಗಿ ನಾನು ಶಿವಮೊಗ್ಗದ ದುರ್ಗಿಗುಡಿಗೆ ಬಂದೆ. ನನ್ನ ಮಗಳು ಹುಟ್ಟಿದಾಗ ಅಜ್ಜಿ ಡಬ್ಬಿ ಹಿಡಿದು ಭದ್ರಾವತಿಯಿಂದ ಬಂದಳು. ಆಗಲೇ ಕೈ ನಡುಗುತ್ತಿತ್ತು. ಮಗುವನ್ನು ನೋಡುವುದಕ್ಕೂ ಮೊದಲು ಕಿಟಕಿಯ ಹತ್ತಿರ ಹೋಗಿ ಸರಳುಗಳ ನಡುವೆ ಅಂಗೈ ಒಡ್ಡಿ, ಗಾಳಿ ತಾಕುವವರೆಗೆ ನಿಂತಳು. ತಾಕಿದ ಮೇಲೆ, "ಈಗ ನೀರು ಕಾಯ್ಸು" ಅಂದಳು.

ಅದೇ ಅವಳು ನೀರು ಹಾಕಿದ ಕೊನೆಯ ಕೂಸು. ಈಗ ಅಜ್ಜಿ ಇಲ್ಲ. ಕ್ವಾರ್ಟರ್ಸಿನ ನಮ್ಮ ಸಾಲು ಖಾಲಿಯಾಗಿ, ಬಾಗಿಲು ಕಿಟಕಿಗಳನ್ನು ಯಾರೋ ಕಿತ್ತು ಒಯ್ದಿದ್ದಾರೆ. ಚಿಕ್ಕ ಕೋಣೆಯ ಒಳಗೆ ಗಾಳಿ ಆಡುತ್ತಿರುತ್ತದೆ. ಒಳಲೆಯನ್ನು ಬೆಳಕಿಗೆ ಹಿಡಿದರೆ ಮೂತಿಯ ಅಂಚಿನಲ್ಲಿ ಎರಡು ಸಣ್ಣ ಗೀರುಗಳು ಕಾಣುತ್ತವೆ, ಎರಡು ಹಲ್ಲಿನವು. ಎಷ್ಟು ಉಜ್ಜಿದರೂ ಹೋಗಿಲ್ಲ. ಮನೆಗೆ ಬಂದು ಗೇಟಿನ ಚಿಲಕ ತೆಗೆದಾಗಲೆಲ್ಲ ನಾನು ಒಂದು ಕ್ಷಣ ಅಲ್ಲೇ ನಿಲ್ಲುತ್ತೇನೆ. ಒಳಗಿನಿಂದ ಯಾರದಾದರೂ ಸದ್ದು ಕೇಳಿದ ಮೇಲೆಯೇ ಹೆಜ್ಜೆ ಎತ್ತಿಡುತ್ತೇನೆ.