ನೆಂಟರು ಕೇಳಿದ ಪ್ರಶ್ನೆ

ನಮ್ಮ ಮನೆಗೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದವರು ಸರ್ಕಾರದ ಸಮೀಕ್ಷೆಯ ಹೆಂಗಸು. ದೇಶದಲ್ಲಿ ಎಷ್ಟು ಜನಕ್ಕೆ ಕೆಲಸವಿದೆ, ಎಷ್ಟು ಜನ ಕಳೆದುಕೊಂಡರು, ಎಷ್ಟು ಜನ ಬದಲಿಸಿದರು ಎಂದು ತಿಳಿಯಲು ಆರಿಸಿದ ಮನೆಗಳಲ್ಲಿ ನಮ್ಮದೂ ಒಂದು. ವರ್ಷದಲ್ಲಿ ನಾಲ್ಕು ಸಲ ಅವೇ ಪ್ರಶ್ನೆಗಳು. ನನ್ನ ಹೆಂಡತಿ ಅವರಿಗೆ 'ನೆಂಟರು' ಎಂದೇ ಹೆಸರಿಟ್ಟಿದ್ದಳು. ಹೆಗಲಿಗೆ ಬಣ್ಣ ಹೋದ ಬ್ಯಾಗು, ಕೈಯಲ್ಲಿ ಮೂಲೆ ಒಡೆದ ಟ್ಯಾಬು. ನೀರು ಕೊಟ್ಟರೆ ಕುಡಿಯುವರು, ಟೀ ಮಾತ್ರ ಬೇಡವೆನ್ನುವರು. ಮನೆಮನೆಯಲ್ಲೂ ಕುಡಿದರೆ ನನ್ನ ಹೊಟ್ಟೆಯ ಗತಿಯೇನು ಎನ್ನುತ್ತಿದ್ದರು.

ಮೊದಲ ಸಲ ಬಂದಾಗ ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದೆ. ಎರಡನೇ ಸಲಕ್ಕೆ ಫ್ಯಾಕ್ಟರಿಗೆ ಬೀಗ ಬಿದ್ದಿತ್ತು. ನಾನು ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದೆ. ಈ ವಯಸ್ಸಿನಲ್ಲಿ ಯಾರ ಮುಂದೆ ಹೋಗಿ ಹಲ್ಲು ಗಿಂಜಲಿ? ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ಹೋದ ವಾರ ಒಂದು ಗಂಟೆ ಆದ್ರೂ ಕೆಲಸ ಮಾಡಿದ್ರಾ?"

"ಇಲ್ಲಮ್ಮ."

"ಹುಡುಕಿದ್ರಾ?"

"ಎಲ್ಲಿ ಹುಡುಕೋದು ಬಿಡಿ. ನಿರುದ್ಯೋಗಿ ಅಂತ ಬರ್ಕೊಳ್ಳಿ."

"ಹಾಗೆ ಬರೆಯೋಕಾಗಲ್ಲ. ಹುಡುಕಿದ್ರೆ ಮಾತ್ರ ನಿರುದ್ಯೋಗಿ. ಇಲ್ಲಾಂದ್ರೆ ಆ ಲೆಕ್ಕಕ್ಕೇ ಬರಲ್ಲ ನೀವು."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕೈಗೆ ಗ್ರೀಸು ಮೆತ್ತಿಕೊಂಡವನಿಗೆ ಕೆಲಸವಿಲ್ಲದವರ ಸಾಲಿನಲ್ಲೂ ಜಾಗವಿಲ್ಲವೇ? "ಕುರ್ಚಿ ಕಾಯೋ ಕೆಲಸ ಅಂತ ಬರ್ಕೊಳ್ಳಿ," ಎಂದಳು ಹೆಂಡತಿ ಅಡುಗೆಮನೆಯಿಂದ. ಅವರು ನಗಲಿಲ್ಲ. "ಮುಂದಿನ ಸಲವೂ ಇದನ್ನೇ ಕೇಳ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡರು.

ಮುಂದಿನ ಸಲ ನಿರುದ್ಯೋಗಿ ಎನ್ನಿಸಿಕೊಳ್ಳಲೇಬೇಕು ಎಂಬ ಹಠ ಹಿಡಿಯಿತು. ಅವರು ಬರುವ ಹೊತ್ತು ಹತ್ತಿರವಾದಾಗ ಶರ್ಟಿಗೆ ಇಸ್ತ್ರಿ ಹಾಕಿ ಹೊರಟೆ. ಕೆಲಸ ಸಿಗಲಿ ಎಂದಲ್ಲ, ಹುಡುಕಿದೆ ಎಂದು ಎದೆ ತಟ್ಟಿ ಹೇಳಲು. ಬಸ್ ಸ್ಟ್ಯಾಂಡ್ ಹಿಂದೆ ಬ್ಯಾಗು ಹೊಲಿಯುವ ಅಂಗಡಿಯೊಂದರಲ್ಲಿ ಕೇಳಿ, ಇಲ್ಲ ಎನ್ನಲಿ ಎಂದು ಕಾದು ನಿಂತೆ. ಅಂಗಡಿಯ ಯಜಮಾನಿ ಮೂಲೆಯಲ್ಲಿ ಕೆಟ್ಟು ಕೂತಿದ್ದ ಯಂತ್ರ ತೋರಿಸಿ, "ಇದು ಓಡುತ್ತಾ ನೋಡಿ," ಎಂದರು. ಓಡಿತು. ನಾಳೆಯೂ ಬನ್ನಿ ಎಂದರು.

ಹೀಗಾಗಿ ಮೂರನೇ ಸಲವೂ ನಾನು ನಿರುದ್ಯೋಗಿಯಾಗಲಿಲ್ಲ. ಅಷ್ಟು ಸಣ್ಣ ಆಸೆಯೂ ಈಡೇರಲಿಲ್ಲವಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ನಾಲ್ಕನೆಯದು ಕೊನೆಯ ಭೇಟಿ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕೈಮುಗಿದೆ. "ನೀವು ಕೇಳದೇ ಇದ್ದಿದ್ರೆ ನಾನಿನ್ನೂ ಆ ಕುರ್ಚೀಲೇ ಇರ್ತಿದ್ದೆ. ನಿಮ್ಮ ಋಣ ತೀರಿಸೋಕಾಗಲ್ಲ."

"ನಾನೇನು ಮಾಡಿದೆ? ಇದರಲ್ಲಿದ್ದದ್ದು ಕೇಳಿದೆ," ಎಂದು ಟ್ಯಾಬನ್ನು ಬ್ಯಾಗಿಗೆ ಹಾಕಿದರು. ಏಳಲಿಲ್ಲ. "ನನ್ನ ಗುತ್ತಿಗೆ ಕೆಲಸಾನೂ ಇವತ್ತಿಗೆ ಮುಗೀತು. ನಿಮ್ಮದೇ ಕೊನೇ ಮನೆ."

ಹೆಂಡತಿ ಕೇಳದೆಯೇ ಟೀ ತಂದಿಟ್ಟಳು. ಅಂದು ಅವರು ಬೇಡವೆನ್ನಲಿಲ್ಲ. ನಾನು ಕಿಟಕಿ ಪಕ್ಕದ ಕುರ್ಚಿಯನ್ನು ಅವರೆದುರಿಗೆ ಎಳೆದುಕೊಂಡು ಕೂತೆ.

"ಬೇರೆ ಕೆಲಸ ಹುಡುಕಿದ್ರಾ?"

ಅವರು ಲೋಟದೊಳಗೆ ನೋಡುತ್ತಾ ತಲೆಯಾಡಿಸಿದರು. "ಇನ್ನೂ ಇಲ್ಲ. ಕೇಳೋರು ಯಾರಿದ್ದಾರೆ?"

"ನಿಮ್ಮ ಮನೆ ಎಲ್ಲಿ ಹೇಳಿ," ಎಂದೆ. "ನಾನು ಮೂರು ತಿಂಗಳು ಕಾಯಲ್ಲ. ಮುಂದಿನ ವಾರವೇ ಬಂದು ಕೇಳ್ತೀನಿ."