ಹುಲಿಯಪ್ಪನ ಮೀಸೆ

ಚಂದ್ರಲೇಖಾ ಟೀಚರ್ ಇತಿಹಾಸದ ಪಾಠವನ್ನು ರಾಜರಿಂದ ಶುರು ಮಾಡುತ್ತಿರಲಿಲ್ಲ. ಆರನೇ ತರಗತಿಗೆ ಬಂದ ಮಕ್ಕಳಿಗೆ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ಮ ಮನೇಲಿ ಎಲ್ಲಕ್ಕಿಂತ ಹಳೇದು ಯಾವುದು?" ಒಬ್ಬ ಬೀಸುವ ಕಲ್ಲು ಅನ್ನುತ್ತಾನೆ, ಒಬ್ಬಳು ಒನಕೆ ಅನ್ನುತ್ತಾಳೆ. ಪ್ರತಿ ವರ್ಷವೂ ಯಾರಾದರೊಬ್ಬರು "ನಮ್ಮ ತಾತ" ಎಂದು ತರಗತಿಯನ್ನು ನಗಿಸುತ್ತಾರೆ. ನಗು ಇಳಿದ ಮೇಲೆ ಟೀಚರ್ ಕೇಳುತ್ತಾರೆ: "ಸರಿ. ತಾತನಿಗಿಂತ ಮುಂಚೆ ಆ ಮನೇಲಿ ಯಾರಿದ್ರು?" ಆಗ ಮಕ್ಕಳು ಸುಮ್ಮನಾಗುತ್ತಾರೆ. ತಮ್ಮ ಪಾಠ ಶುರುವಾಗುವುದು ಆ ಮೌನದಿಂದಲೇ ಎಂದು ಟೀಚರ್ ನಂಬಿದ್ದರು.

ತಮಿಳುನಾಡಿನ ಗಡಿಯ ಬೇರಿಕೆಯಿಂದ ಒಳಕ್ಕೆ, ಕೋಸಿನ ಹೊಲಗಳ ನಡುವೆ ಇರುವ ಕನ್ನಡ ಮಾಧ್ಯಮದ ಮಿಡ್ಲ್ ಸ್ಕೂಲು ಅದು. ಪುಸ್ತಕ ಚೆನ್ನೈಯಿಂದ ಬರುತ್ತದೆ. ಪಲ್ಲವರು, ಚೋಳರು, ಪಾಂಡ್ಯರು ಕನ್ನಡದ ಅಕ್ಷರ ತೊಟ್ಟು ಬಂದು ಕೂರುತ್ತಾರೆ. ಟೀಚರ್ ಅವರನ್ನು ಗೌರವದಿಂದಲೇ ಪರಿಚಯ ಮಾಡಿಸಿ, ನಡುನಡುವೆ ಮಕ್ಕಳನ್ನು ಕಿಟಕಿಯ ಹೊರಗೆ ನೋಡಲು ಹೇಳುತ್ತಿದ್ದರು. ಬಾಗಲೂರಿನ ರೈತರ ಮನೆಯ ಮಗಳು ಅವರು. ಗಂಡ ಕುಮಾರೇಶ್ ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಅತ್ತೆಯ ಜೊತೆ ತೆಲುಗು, ಶಿಕ್ಷಣ ಕಚೇರಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ. "ಮೂರು ಭಾಷೇಲೂ ಬೈಯೋಕೆ ಬರುತ್ತೆ ನನಗೆ, ಹುಷಾರು" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಬೈದದ್ದನ್ನು ಯಾರೂ ಕೇಳಿರಲಿಲ್ಲ.

ಅವರ ತರಗತಿಯಲ್ಲಿ ಒಂದೇ ಕಟ್ಟಳೆ ಇತ್ತು. ಮೊದಲು ನೋಡು, ಆಮೇಲೆ ಹೇಳು.

ಈ ವರ್ಷ ಎಂಟನೇ ತರಗತಿಯವರಿಗೆ ಅವರು ಒಂದು ಕೆಲಸ ಕೊಟ್ಟರು. ಊರಲ್ಲೋ ಹೊಲದಲ್ಲೋ ಇರುವ ಹಳೆಯ ಕಲ್ಲೊಂದರ ಚಿತ್ರ ಬರೆದು ತರಬೇಕು. ಆ ಸೀಮೆಯಲ್ಲಿ ಕಲ್ಲುಗಳಿಗೇನು ಕೊರತೆ? ಕಳ್ಳರಿಂದ ದನಗಳನ್ನು ಉಳಿಸಲು ಹೋಗಿ ಸತ್ತವರು, ಹುಲಿಯ ಜೊತೆ ಹೋರಾಡಿ ಸತ್ತವರು, ಹೊಲದ ಬದುಗಳಲ್ಲಿ, ಹುಣಸೆಮರದ ಬುಡಗಳಲ್ಲಿ ಕಲ್ಲಾಗಿ ನಿಂತಿದ್ದಾರೆ.

ಸುಷ್ಮಾ ತನ್ನ ಮನೆಯ ಹುಲಿಯಪ್ಪನ ಚಿತ್ರ ತಂದಳು. ಅವಳ ತಾತ ವೆಂಕಟಸ್ವಾಮಿಯವರ ಹೊಲದಲ್ಲಿ, ಲಂಟಾನದ ಬೇಲಿಯ ಆಚೆ ಆ ಕಲ್ಲು ಇದೆ. ಬರಿಗೈಯಲ್ಲಿ ಹುಲಿ ಕೊಂದು ತಾನೂ ಸತ್ತ ವೀರ, ಆ ವಂಶದ ಮೂಲಪುರುಷ ಎಂದು ಮನೆಯವರ ಮಾತು. ರಾಗಿ ಒಕ್ಕಣೆ ಮುಗಿದ ಮೇಲೆ ಗಂಡಸರು ಕಲ್ಲಿಗೆ ಎಣ್ಣೆ, ಅರಿಶಿನ ಬಳಿದು, ಬೆಳ್ಳಿಯ ಕಣ್ಣು ಅಂಟಿಸುತ್ತಾರೆ. ಮನೆಯ ಹಿರಿಯ ಕಾಡಿಗೆಯಲ್ಲಿ ಮೀಸೆ ಬರೆಯುತ್ತಾನೆ. ಕೋಳಿ ಕೊಯ್ಯುತ್ತಾರೆ. ಹೆಂಗಸರು ಬೇಲಿ ದಾಟುವಂತಿಲ್ಲ. ಹುಲಿಯಪ್ಪ ಬ್ರಹ್ಮಚಾರಿ, ಹೆಣ್ಣಿನ ನೆರಳು ಆಗದು.

ಬೇಲಿ ದಾಟಬಾರದ ಸುಷ್ಮಾ ಕಲ್ಲನ್ನು ನೋಡಿದ್ದು ಅಪ್ಪನ ಮೊಬೈಲಿನಲ್ಲಿ. ಅವಳಪ್ಪ ಬೀರೇಶ್ ಹೋದ ವರ್ಷ ಪೂಜೆಗೆ ಮುಂಚೆ ತೆಗೆದಿದ್ದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಕಂಡಷ್ಟನ್ನು ಬರೆದಿದ್ದಳು.

ಟೀಚರ್ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೇಲೆತ್ತಿದ ಬಲಗೈ. ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲು ಗೆರೆ. ಬೆರಳುಗಳ ನಡುವೆ ನಿಂಬೆಹಣ್ಣಿನಂಥ ಉಂಡೆ. ತಲೆಯ ಒಂದು ಪಕ್ಕಕ್ಕೆ ಗಂಟು. ಅವರಿಗೆ ಅರ್ಥವಾಯಿತು. ಆದರೂ ಹೇಳಲಿಲ್ಲ.

"ಏನು ಕಾಣುತ್ತಮ್ಮ ಇದರಲ್ಲಿ?"

ಸುಷ್ಮಾ ತಡವರಿಸಿದಳು. "ಟೀಚರ್, ತಾತ ಇದನ್ನ ಕಡಗ ಅಂತಾರೆ. ಇಷ್ಟೊಂದು ಕಡಗ ಯಾರ್ ಹಾಕ್ಕೊತಾರೆ? ಬಳೆ ಇದ್ದಂಗೈತೆ. ಮತ್ತೆ... ಇದು ತುರುಬು ಅಲ್ವಾ?"

ಹಿಂದಿನ ಬೆಂಚಿನಿಂದ ಜಗನ್ ಕೂಗಿದ: "ಲೇ, ಹುಲಿಯಪ್ಪ ಅಲ್ಲ ಕಣ್ರೋ, ಹುಲಿಯಮ್ಮ! ಮೀಸೆ ಅಮ್ಮ!"

ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ಆ ನಗುವನ್ನು ನಿಲ್ಲಿಸಿ, ಅದು ಮಾಸ್ತಿಕಲ್ಲು ಇರಬಹುದೆಂದು ವಿವರಿಸಿದರು. ಗಂಡ ಸತ್ತಾಗ ಅವನ ಜೊತೆ ಬೆಂಕಿಗೆ ಹೋದ ಹೆಂಗಸಿನ ನೆನಪಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು, ಬಳೆ ತೊಟ್ಟು ನಿಂಬೆಹಣ್ಣು ಹಿಡಿದ ಕೈಯೇ ಅದರ ಗುರುತು. ಮಕ್ಕಳು ಕೇಳಿಸಿಕೊಂಡರು. ಆದರೆ ಅವರು ಸಂಜೆ ಊರಿಗೆ ಒಯ್ದದ್ದು ಆ ನಗುವನ್ನೇ.

ಮರುದಿನ ಬೇರಿಕೆಯ ಸಂತೆಯಲ್ಲಿ ಟೀ ಕುಡಿಯುತ್ತಿದ್ದ ವೆಂಕಟಸ್ವಾಮಿಯವರ ಹೆಗಲ ಮೇಲೆ ಅದೇ ಊರಿನ ಮುನಿಯಲ್ಲಪ್ಪ ಕೈ ಹಾಕಿದ. "ಏನ್ ವೆಂಕಟಸ್ವಾಮಣ್ಣ, ನಿಮ್ಮ ಹುಲಿಯಪ್ಪ ಸೀರೆ ಉಟ್ಕೊಂಡವ್ನಂತೆ? ರವಿಕೆ ಅಳತೆ ಯಾರು ತಗೊಂಡ್ರು?" ಟೀ ಅಂಗಡಿಯೆಲ್ಲ ನಕ್ಕಿತು. ವೆಂಕಟಸ್ವಾಮಿ ಅರ್ಧ ಟೀ ಬಿಟ್ಟು ಎದ್ದರು.

ಸುಷ್ಮಾ ಮರುದಿನ ಸ್ಕೂಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾನು ನೋಡಿದ್ದು ತಪ್ಪು ಎಂದು ಮನೆಯವರೆಲ್ಲರ ಮುಂದೆ ಹೇಳುವ ತನಕ ಸ್ಕೂಲಿಲ್ಲ ಎಂದು ತಾತ ಹೇಳಿದ್ದರು. ಅವಳು ಹೇಳಿರಲಿಲ್ಲ. ಹೆಡ್‌ಮಾಸ್ಟರು ಶ್ಯಾಮಣ್ಣ ಒಳ್ಳೆಯವರು, ಜಗಳ ಅಂದರೆ ಆಗದವರು. "ಹೋಗಿ ಒಂದು ಮಾತು ಹೇಳ್ಬಿಡಿ ಮೇಡಂ. ಮಗು ತಪ್ಪು ತಿಳ್ಕೊಂಡಿದೆ ಅಂತ. ಕಲ್ಲಿಗೆ ಏನು ಬೇಜಾರಾಗಲ್ಲ" ಎಂದರು.

"ಕಲ್ಲಿಗಾಗಲ್ಲ ಸಾರ್" ಎಂದರು ಟೀಚರ್.

ಆ ಸಂಜೆ ಸ್ಕೂಟರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅವರು ಆ ಒಂದು ಮಾತನ್ನು ಬಾಯಲ್ಲಿ ಹೊರಳಿಸಿದರು. ಹೇಳಿದರೆ ಹುಡುಗಿ ನಾಳೆಯೇ ತರಗತಿಯಲ್ಲಿರುತ್ತಾಳೆ. ಆದರೆ ಇನ್ನು ಮುಂದೆ ಏನನ್ನು ನೋಡಿದರೂ ಮೊದಲು ದೊಡ್ಡವರ ಮುಖ ನೋಡಿ ಆಮೇಲೆ ತನ್ನ ಕಣ್ಣನ್ನು ನಂಬುತ್ತಾಳೆ. ಹಾಗೆ ಬೆಳೆದವರನ್ನು ಟೀಚರ್ ಬಹಳ ಕಂಡಿದ್ದರು.

ವೆಂಕಟಸ್ವಾಮಿ ಜಗಲಿಯ ಮೇಲೆ ಗುಲಾಬಿ ಹೂಗಳನ್ನು ಕಟ್ಟು ಕಟ್ಟುತ್ತಿದ್ದರು. ಎದ್ದು ನಿಂತು, "ಬನ್ನಿ ಟೀಚರಮ್ಮ, ಕುಂತ್ಕಳಿ" ಎಂದರು. ಮರ್ಯಾದೆಯಲ್ಲಿ ಕುಂದಿರಲಿಲ್ಲ, ದನಿ ಮಾತ್ರ ಬಿಗಿದಿತ್ತು. ಅವರ ಹೆಂಡತಿ ಭದ್ರಮ್ಮ ಮಜ್ಜಿಗೆ ತಂದಿಟ್ಟು ಬಾಗಿಲಿಗೆ ಒರಗಿದರು. ಅವರ ಬೆನ್ನ ಹಿಂದೆ ಸುಷ್ಮಾಳ ಲಂಗದ ಅಂಚು ಕಾಣುತ್ತಿತ್ತು.

"ಮೀಸೆ ಬರೆಯೋನು ನಾನು. ನಮ್ಮಪ್ಪ ಬರೀತಿದ್ದ, ಅವರಪ್ಪ ಬರೀತಿದ್ದ. ನಾವೆಲ್ಲ ಕುರುಡ್ರಾ ಟೀಚರಮ್ಮ?"

"ಕುರುಡ್ರಲ್ಲ ಯಜಮಾನ್ರೆ. ಎಣ್ಣೆ ಮೇಲೆ ಎಣ್ಣೆ ಬಳಿದ್ರೆ ಯಾರಿಗೆ ತಾನೆ ಕಾಣುತ್ತೆ?"

"ಸಂತೇಲಿ ನನ್ನ ಮಾನ ಹೋಗ್ಬುಟ್ತು. ಒಂದು ಮಾತು. ತಪ್ಪಾಯ್ತು ಅಂತ ಅವಳ ಕೈಲಿ ಹೇಳ್ಸಿ. ನಾಳೇನೆ ಕಳಿಸ್ತೀನಿ."

ಟೀಚರ್ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. "ನನ್ನ ತರಗತೀಲಿ ಮಕ್ಕಳು ನಿಮ್ಮ ದೇವರನ್ನ ನೋಡಿ ನಕ್ಕರು. ಅದು ತಪ್ಪು. ಅದಕ್ಕೆ ನಾನು ನಿಮ್ಮ ಕ್ಷಮೆ ಕೇಳ್ತೀನಿ. ಆದರೆ ನಿಮ್ಮ ಮೊಮ್ಮಗಳು ನಗಲಿಲ್ಲ. ನೋಡಿದಳು ಅಷ್ಟೆ. ನೋಡಿದ್ದಕ್ಕೆ ತಪ್ಪಾಯ್ತು ಅಂತ ನಾನು ಹೇಳಿಸಲಾರೆ."

ಹೂವಿನ ಕಟ್ಟಿನ ದಾರವನ್ನು ವೆಂಕಟಸ್ವಾಮಿ ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದರು, ಅದು ತುಂಡಾಯಿತು.

ಟೀಚರ್ ವಾಪಸು ಬಂದರು. ಸುಷ್ಮಾಳ ಜಾಗ ಖಾಲಿಯೇ ಉಳಿಯಿತು. ಹಾಜರಿ ಕೂಗುವಾಗ ಅವಳ ಹೆಸರನ್ನು ಟೀಚರ್ ಒಂದು ದಿನವೂ ಬಿಡಲಿಲ್ಲ. ಜಗನ್ ತಲೆ ತಗ್ಗಿಸುತ್ತಿದ್ದ. ಮನೆಯಲ್ಲಿ ಕುಮಾರೇಶ್, "ನಿನ್ನ ಹಠದಿಂದ ಆ ಮಗು ಓದು ನಿಂತ್ರೆ?" ಎಂದು ಕೇಳಿದರು. ತಾವು ಸರಿ ಎಂದು ಗೊತ್ತಿದ್ದರೂ ಅಂದು ಟೀಚರಿಗೆ ಅನ್ನ ಸೇರಲಿಲ್ಲ.

ಹುಲಿಯಪ್ಪನ ಪೂಜೆಯ ದಿನ ಬಂತು. ಬೆಳಿಗ್ಗೆ ಬೀರೇಶ್ ಬೈಕಿನಲ್ಲಿ ಟೀಚರ್ ಮನೆಗೇ ಬಂದು ನಿಂತ. "ಅಪ್ಪ ಕರೀತಾವ್ರೆ ಮೇಡಂ. ಹೊಲದ ಹತ್ರ. ಯಾಕೇಂತ ಹೇಳ್ಲಿಲ್ಲ."

ಬೇಲಿಯ ಈಚೆ ಭದ್ರಮ್ಮ, ಸುಷ್ಮಾ, ಮನೆಯ ಇತರ ಹೆಂಗಸರು ವಾಡಿಕೆಯಂತೆ ನಿಂತಿದ್ದರು. ಆಚೆ ವೆಂಕಟಸ್ವಾಮಿ ಕಲ್ಲಿನ ಮುಂದೆ ನೆಲದ ಮೇಲೆಯೇ ಕೂತಿದ್ದರು. ಪಕ್ಕದಲ್ಲಿ ಬಿಸಿನೀರಿನ ಹಂಡೆ, ಸೀಗೆಪುಡಿ, ತೆಂಗಿನ ನಾರು. ಅವರ ತೋಳೆಲ್ಲ ಕರಿ ಜಿಡ್ಡು. ಬೆಳಗಿನ ಜಾವ ಒಬ್ಬರೇ ಬಂದು, ತಲೆಮಾರುಗಳ ಎಣ್ಣೆಯನ್ನು ಉಜ್ಜಿ ತೆಗೆದಿದ್ದರು. ಒದ್ದೆ ಕಲ್ಲು ಬಿಸಿಲಿಗೆ ಬೂದುಬಣ್ಣದಲ್ಲಿ ಹೊಳೆಯುತ್ತಿತ್ತು. ಬಳೆಗಳು. ತುರುಬು. ಸೀರೆಯ ನೆರಿಗೆ. ತುಟಿಯ ಮೇಲೆ ಏನೂ ಇರಲಿಲ್ಲ.

"ಸುಳ್ಳು ಅಂತ ತೋರ್ಸೋಕೆ ತೊಳ್ದೆ ಟೀಚರಮ್ಮ" ಎಂದರು ವೆಂಕಟಸ್ವಾಮಿ. ಕೈಯ ಜಿಡ್ಡನ್ನು ನಾರಿನಿಂದ ಉಜ್ಜಿಕೊಂಡರು.

ಬೇಲಿಯ ಈಚೆಯಿಂದ ಭದ್ರಮ್ಮನ ದನಿ ಬಂತು. "ಹೆಂಗ್ಸಾ ಅದು?"

"ಊಂ."

"ಹಂಗಾದ್ರೆ ಮದುವೆಯಾಗಿ ಬಂದಾಗಿನಿಂದ ನಾನ್ಯಾಕೆ ಈ ಮುಳ್ಳಲ್ಲಿ ನಿಂತಿವ್ನಿ?"

ಉತ್ತರಕ್ಕೆ ಕಾಯದೆ ಅವರು ಲಂಟಾನವನ್ನು ಕೈಯಿಂದ ಸರಿಸಿ ನಡೆದು ಬಂದರು. ಸೆರಗು ಸಿಕ್ಕಿತು, ಎಳೆದುಕೊಂಡರು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮನೆಗೆ ಬಂದ ನೆಂಟರನ್ನು ನೋಡುವಂತೆ ಮೇಲಿಂದ ಕೆಳಗಿನವರೆಗೆ ನೋಡಿದರು. ಹಿಂದೆ ಬಂದ ಮೊಮ್ಮಗಳ ಕಡೆ ತಿರುಗಿದರು.

"ಏನ್ ಮಾಡಿದ್ಲಮ್ಮಿ ಇವಳು?"

ಸುಷ್ಮಾ ಟೀಚರನ್ನು ನೋಡಲಿಲ್ಲ, ತಾತನನ್ನೂ ನೋಡಲಿಲ್ಲ. ಕಲ್ಲನ್ನೇ ನೋಡುತ್ತಾ ಹೇಳಿದಳು. "ಗಂಡ ಸತ್ತೋದ ಅಜ್ಜಿ. ಅವನ ಜೊತೆ ಬೆಂಕೀಗೆ ಹೋದ್ಲು."

ಭದ್ರಮ್ಮ ಆ ಎತ್ತಿದ ಕೈಯನ್ನು ಮುಟ್ಟಿದರು. ಬಳೆಯ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೇಳಿದರು. "ಅವಳಾಗೇ ಹೋದ್ಲಾ, ನೂಕಿದ್ರಾ?"

ಸುಷ್ಮಾ ಈಗ ಟೀಚರ್ ಕಡೆ ನೋಡಿದಳು.

"ಅದನ್ನ ಕಲ್ಲಲ್ಲಿ ಬರೆದಿಲ್ಲಮ್ಮ" ಎಂದರು ಚಂದ್ರಲೇಖಾ. "ನಿಲ್ಲಿಸಿದವರು ಹೇಳಲಿಲ್ಲ. ನನಗೂ ಗೊತ್ತಿಲ್ಲ."

ಭದ್ರಮ್ಮ ತಲೆಯಾಡಿಸಿದರು. ಅಂಥ ಉತ್ತರ ಅವರಿಗೆ ಹೊಸದೇನಲ್ಲವೇನೋ. ವೆಂಕಟಸ್ವಾಮಿ ಕಾಲು ಕಟ್ಟಿದ್ದ ಹುಂಜವನ್ನು ತೋರಿಸಿ ಸಣ್ಣ ದನಿಯಲ್ಲಿ ಕೇಳಿದರು, "ಇದನ್ನೇನ್ ಮಾಡೋದು?"

"ಬಿಟ್ಬುಡಿ ಅತ್ಲಾಗೆ. ಸುಟ್ಟುಕೊಂಡೋಳ ಮುಂದೆ ಇನ್ನೊಂದು ಜೀವ ಯಾಕೆ? ಹೊಸ ರಾಗಿ ಅಂಬಲಿ ಇಡೋಣ. ತಣ್ಣಗಿರ್ತಾಳೆ."

ಕಟ್ಟು ಬಿಚ್ಚಿದ ಹುಂಜ ಕೋಸಿನ ಸಾಲಿನೊಳಗೆ ಓಡಿತು. ಹೊರಡುವಾಗ ವೆಂಕಟಸ್ವಾಮಿ ಟೀಚರನ್ನು ಸ್ಕೂಟರಿನವರೆಗೆ ಬಿಡಲು ಬಂದರು. "ಸೋಮವಾರ ಕಳಿಸ್ತೀನಿ" ಎಂದರು. ಆಮೇಲೆ, "ಸಂತೇಗೆ ಹೋಗೋದೇ ಕಷ್ಟ ಟೀಚರಮ್ಮ. ಮುನಿಯಲ್ಲಪ್ಪ ಬಿಡಾಕಿಲ್ಲ" ಎಂದರು.

"ಅವರ ಹೊಲದಲ್ಲೂ ಒಂದು ಕಲ್ಲಿದೆಯಂತಲ್ಲ ಯಜಮಾನ್ರೆ. ತೊಳೆದು ನೋಡಪ್ಪ ಅನ್ನಿ."

ವೆಂಕಟಸ್ವಾಮಿ ಮೊದಲ ಸಲ ನಕ್ಕರು.

ಸೋಮವಾರ ಹಾಜರಿ ಕೂಗುವಾಗ ಸುಷ್ಮಾ "ಬಂದಿದ್ದೀನಿ ಟೀಚರ್" ಎಂದಳು. ಅಂದಿನ ಪಾಠ ಪುಸ್ತಕದಲ್ಲಿ ಹೆಣ್ಣುಮಕ್ಕಳ ಸ್ಥಿತಿಗತಿಯ ಅಧ್ಯಾಯ. ಸತಿಯ ಬಗ್ಗೆ ಅಲ್ಲಿ ನಾಲ್ಕಾರು ಸಾಲುಗಳಿದ್ದವು. ಜಗನ್ ಓದಿದ, ಈ ಸಲ ಮೆಲ್ಲಗೆ. ಓದಿ ಮುಗಿಸಿ, ಕೂರದೆ ಸುಷ್ಮಾಳ ಕಡೆ ತಿರುಗಿದ.

"ಈಗ ಏನಂತ ಕರೀತೀರ ಅದನ್ನ?"

ತರಗತಿ ಕಾದಿತು. ಟೀಚರ್ ಕೂಡ ಕಾದರು.

"ಅಜ್ಜಿ 'ಅವ್ವ' ಅಂತಾಳೆ" ಎಂದಳು ಸುಷ್ಮಾ. "ತಾತ ಇನ್ನೂ ಏನೂ ಅಂತಿಲ್ಲ. ಹೋಗಿ ಸುಮ್ನೆ ಕೂತ್ಕೊಂಡು ಬತ್ತಾರೆ."